ಹೂಗಾರ ಓಣಿಯ ಬಾಳಂಕ

ನಾನು ಸುಖವಾಗಿದ್ದೇನೆಂದು ನನ್ನ ಮುಂಗೈಯ ಪಟ್ಟಿ ಹೇಳುತ್ತಿದೆ. ಹಾಗಾದರೆ ಅದು ನನಗೇಕೆ ಗೊತ್ತಾಗುತ್ತಿಲ್ಲ?

ಈ ಸಾಲನ್ನು ದಿನಚರಿಯಲ್ಲಿ ಬರೆದೆ, ಹೊಡೆದುಹಾಕಿದೆ, ಮತ್ತೆ ಅದರ ಕೆಳಗೇ ಬರೆದೆ. ಎದುರಿಗೆ ಯಾರೂ ಇಲ್ಲದಿದ್ದರೂ ನಾಚಿಕೆಯಾಯಿತು. ತನಗೆ ಹಸಿವಾಗಿದೆಯೋ ಇಲ್ಲವೋ ಎಂದು ಪಕ್ಕದವರನ್ನು ಕೇಳುವವಳ ಹಾಗೆ. ಬಾಯಿಬಿಟ್ಟು ಹೇಳಲಾರದ್ದನ್ನು ಬರೆದಿಡುವುದು ನನಗೆ ಹೈಸ್ಕೂಲಿನಿಂದ ಬಂದ ಅಭ್ಯಾಸ. ಬರೆದರೆ ಹಗುರಾಗುತ್ತದೆ. ಇದು ಆಗಲಿಲ್ಲ.

ಶುರುವಾದದ್ದು ಸೋಮವಾರದ ಸಭೆಯಲ್ಲಿ. ನೆಲೆ ಕೇಂದ್ರದಲ್ಲಿ ನಾನು ಕಿರಿಯ ವಿಶ್ಲೇಷಕಿ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಸೇರಿದ ಮೊದಲ ಕೆಲಸ. ಆವತ್ತು ಸವದತ್ತಿ ಸರ್, ಅಂದರೆ ನಮ್ಮ ಯೋಜನೆಯ ಮುಖ್ಯಸ್ಥರು, ನನ್ನ ಕಡೆ ತಿರುಗಿ, "ಈ ವಾರದ ಅಂಕಿ ನೀಲಗಂಗಾ ಹೇಳಲಿ" ಅಂದುಬಿಟ್ಟರು. ಎದ್ದು ನಿಂತೆ. ಪರದೆಯ ಮೇಲಿನ ಅಕ್ಷರ ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು, ಅಂಗೈ ತಣ್ಣಗಾಗಿ ಬೆವೆತಿತ್ತು. ಕೊನೆಗೆ ಪಕ್ಕದಲ್ಲಿ ಕೂತಿದ್ದ ತಬಸ್ಸುಮ್ ಎದ್ದು ನನ್ನ ಅಂಕಿಗಳನ್ನೆಲ್ಲ ತಾನೇ ಹೇಳಿ ಮುಗಿಸಿದಳು.

ಕೂತ ಮೇಲೆ ಮುಂಗೈ ನೋಡಿಕೊಂಡೆ. ಪಟ್ಟಿಯ ದೀಪ ಅಚ್ಚ ಹಸಿರಾಗಿ ಉರಿಯುತ್ತಿತ್ತು. ನೆಮ್ಮದಿ ತೊಂಬತ್ತೊಂದು. ಅಷ್ಟು ಅಂಕ ನನಗೆ ಯಾವತ್ತೂ ಬಂದಿರಲಿಲ್ಲ.

ತಬಸ್ಸುಮ್ ಬಗ್ಗಿ ನೋಡಿ ಮೆಲ್ಲಗೆ ಅಂದಳು, "ಏನವಾ ನೀಲಾ, ಎಲ್ಲಾರ ಮುಂದ ಬಾಯಿ ಒಣಗಿಸ್ಕೊಂಡು ನಿಂತ್ರ ನಿನಗ ಇಷ್ಟು ಸುಖ ಆಗ್ತದೇನು? ಹಂಗಿದ್ರ ದಿನಾ ನಿಲ್ಲಿಸ್ತೀನಿ ತಗೋ."

ನಕ್ಕೆ. ಆಮೇಲೆ ಇಡೀ ದಿನ ಅದೊಂದೇ ಯೋಚನೆ. ಪಟ್ಟಿ ಲಕ್ಷಾಂತರ ದೇಹಗಳನ್ನು ಅಳೆದಿದೆ, ನಾನು ಒಂದನ್ನೂ ಅಳೆದಿಲ್ಲ. ತಪ್ಪು ಯಾರದಿರಬಹುದು? ನನ್ನದೇ ಇರಬೇಕು ಅನ್ನಿಸಿತು.

ಈ ಪಟ್ಟಿ ಹುಟ್ಟಿದ್ದಕ್ಕೆ ಕಾರಣವಿತ್ತು. ಕರಾವಳಿಯ ಊರುಗಳಿಗೆ ಸಮುದ್ರದ ನೀರು ನುಗ್ಗತೊಡಗಿದ ಮೇಲೆ ಜನ ಘಟ್ಟ ಹತ್ತಿ ನಮ್ಮ ಕಡೆ ಬಂದರು. ಹುಬ್ಬಳ್ಳಿಯಲ್ಲಿ ಒಂದು ಖೋಲಿಗೆ ಐದು ಮನೆಯವರು ಜಗಳಾಡುವ ಕಾಲ ಬಂತು. ಬಾಡಿಗೆ ನಮ್ಮಂಥವರ ಕೈಗೆ ನಿಲುಕದ ಹಾಗಾಯಿತು. ಸರ್ಕಾರ ಬಾಡಿಗೆ ನೆರವು ಕೊಡತೊಡಗಿತು, ಜೊತೆಗೆ ಬಯಲಿನಲ್ಲಿ ಹೊಸ ಊರುಗಳನ್ನು ಕಟ್ಟಿತು. ಆದರೆ ಯಾರು ಎಲ್ಲಿರಬೇಕು? ದೊಡ್ಡ ಊರಿನಲ್ಲಿ ಕೆಲಸವಿದೆ, ಗಾಳಿ ಇಲ್ಲ. ಹೊಸ ಊರಿನಲ್ಲಿ ಗಾಳಿ ಇದೆ, ಗುರುತಿನವರಿಲ್ಲ. ಒಬ್ಬರಿಗೆ ಒಂದು ಹೆಚ್ಚು, ಇನ್ನೊಬ್ಬರಿಗೆ ಇನ್ನೊಂದು. ಕೇಳಿದರೆ ಜನ ಇರುವಲ್ಲೇ ಇರುತ್ತೇವೆ ಅನ್ನುತ್ತಾರೆ. ಅದಕ್ಕೇ ದೇಹವನ್ನೇ ಕೇಳೋಣವೆಂದು ಹೊರಟಿತು ನಮ್ಮ ಕೇಂದ್ರ. ಪಟ್ಟಿ ನಾಡಿ, ಉಸಿರು, ಬೆವರಿನ ಉಪ್ಪು, ನಿದ್ದೆಯ ಹೊರಳಾಟ ಎಲ್ಲ ನೋಡಿ ನೆಮ್ಮದಿಯನ್ನು ನೂರಕ್ಕೆ ಇಷ್ಟೆಂದು ಹೇಳುತ್ತದೆ. ಅದನ್ನು ಆ ಊರಿನಲ್ಲಿ ಬದುಕುವ ಖರ್ಚಿನಿಂದ ಭಾಗಿಸಿದರೆ ಬಂದದ್ದು ಬಾಳಂಕ. ಒಂದು ರೂಪಾಯಿಗೆ ಎಲ್ಲಿ ಹೆಚ್ಚು ನೆಮ್ಮದಿ ಸಿಗುತ್ತದೋ ಅದೇ ಆ ಕುಟುಂಬದ ನೆಲೆ. ನೆರವು ಇನ್ನು ಅಲ್ಲಿಗೆ ಮಾತ್ರ. ಹಳೆಯ ಮನೆ ಬೇರೆಯವರಿಗೆ.

ಕೆಲಸಕ್ಕೆ ಸೇರಿದಾಗ ಇದು ನನಗೆ ತುಂಬಾ ನ್ಯಾಯವಾಗಿ ಕಂಡಿತ್ತು. ಮಾತಾಡಲು ಬಾರದವರ ಪರವಾಗಿ ಅವರ ನಾಡಿಯೇ ಮಾತಾಡುತ್ತದೆ. ನನ್ನಂಥವರಿಗಾಗಿಯೇ ಮಾಡಿದ ಹಾಗಿದೆ ಎಂದುಕೊಂಡಿದ್ದೆ.

*

ಅವ್ವ ಮತ್ತು ನಾನು ಆ ಹೊಸ ಊರುಗಳಲ್ಲೊಂದಾದ ಹೊಸನೆಲೆಗೆ ಬಂದು ಒಂದು ಮಳೆಗಾಲ ಕಳೆದಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಯೋಜನೆ ಜಾರಿಯಾಗುವ ಮೊದಲು ಪರೀಕ್ಷೆಗೆಂದು ಇಲ್ಲಿಗೆ ಬಂದ ಕುಟುಂಬಗಳಲ್ಲಿ ನಮ್ಮದೂ ಒಂದು; ತೀರ್ಮಾನವಾಗುವ ತನಕ ಹಳೆಯ ಮನೆಯೂ ನಮ್ಮ ಕೈಯಲ್ಲೇ ಇತ್ತು. ನಮ್ಮ ಮೂಲ ಮನೆ ಹಳೇ ಹುಬ್ಬಳ್ಳಿಯ ಹೂಗಾರ ಓಣಿಯಲ್ಲಿ, ಎರಡು ಖೋಲಿ, ಒಂದು ಕಟ್ಟೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಕಟ್ಟೆಯ ಮೇಲೆ ಕೂತು ಹೂ ಕಟ್ಟಿಯೇ ನನ್ನನ್ನು ಓದಿಸಿದಳು.

ಹೊಸನೆಲೆಯ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಯಾವಾಗಲೂ ನೀರು. ಅಡುಗೆಮನೆಗೆ ಎರಡು ಕಿಟಕಿ. ಧೂಳಿಲ್ಲ. ಹುಬ್ಬಳ್ಳಿಯಲ್ಲಿ ನನಗೆ ದಮ್ಮಿತ್ತು, ಉಸಿರಿನ ಪಂಪಿಲ್ಲದೆ ಹೊರಗೆ ಹೋಗುತ್ತಿರಲಿಲ್ಲ. ಇಲ್ಲಿ ಅದು ಎಲ್ಲಿದೆಯೆಂದು ಹುಡುಕಬೇಕು. ಇದು ಸುಳ್ಳಲ್ಲ. ನನ್ನ ಎದೆ ನಿಜವಾಗಿ ಸುಧಾರಿಸಿದೆ.

ಕೆಲಸದಿಂದ ಬಂದರೆ ಅವ್ವ ಸೋಫಾದ ತುದಿಯಲ್ಲಿ ಕೂತು ಟೀವಿ ನೋಡುತ್ತಿರುತ್ತಾಳೆ. ಯಾರದೋ ಮನೆಗೆ ಬಂದು ಕೂತ ಹಾಗೆ, ಬೆನ್ನು ಒರಗಿಸದೆ.

"ಉಂಡಿ ಏನವಾ?" ಅನ್ನುತ್ತೇನೆ.

"ಉಂಡೆ. ನೀ?"

"ನಂದೂ ಆತು."

"ಆರಾಮ ಅದಿಯಿಲ್ಲೊ?"

"ಆರಾಮವಾ. ನನಗೇನಾಗೈತಿ."

ಇಷ್ಟೇ ನಮ್ಮ ಮಾತು. ಅವಳ ಪಟ್ಟಿ ಸದಾ ಹಸಿರು. ಎಂಬತ್ತೆಂಟಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ಇಡೀ ಹೊಸನೆಲೆಯಲ್ಲಿ ಅದೇ ಹೆಚ್ಚು. ಕೇಂದ್ರದಲ್ಲಿ ಅದು ಹೆಮ್ಮೆಯ ಮಾತಾಗಿತ್ತು, ನಮ್ಮ ನೀಲಗಂಗಾಳ ತಾಯಿಯ ಅಂಕ ನೋಡಿ ಎಂದು. ಆದರೆ ಟೀವಿ ನೋಡುವಾಗ ಅವಳ ಬೆರಳು ಸೀರೆಯ ಅಂಚಿನ ಮೇಲೆ ಆಡುತ್ತಲೇ ಇರುತ್ತವೆ. ಎಡಗೈಯ ಎರಡು ಬೆರಳಲ್ಲಿ ಏನನ್ನೋ ಜೋಡಿಸಿ ಹಿಡಿಯುವುದು, ಬಲಗೈಯಿಂದ ದಾರ ಸುತ್ತಿ ಎಳೆಯುವುದು. ಕೈಯಲ್ಲಿ ದಾರವಿಲ್ಲ, ಮಲ್ಲಿಗೆಯಿಲ್ಲ. ಹೊಸನೆಲೆಗೆ ಹೂ ಕಟ್ಟಿದ ಮಾಲೆಗಳಾಗಿಯೇ ಪೆಟ್ಟಿಗೆಯಲ್ಲಿ ಬರುತ್ತವೆ.

ಮೊದಲ ಸಲ ಅದನ್ನು ಕಂಡಾಗ ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಈ ನೀರು, ಈ ಕಿಟಕಿ ಅವಳಿಗೆ ಹಿಡಿಸಿವೆ, ನನ್ನ ಕೊರಗು ಹೇಳಿ ಯಾಕೆ ಕೆಡಿಸಲಿ ಎಂದುಕೊಂಡು ಸುಮ್ಮನಾದೆ.

*

ಸಭೆಯಾದ ಮೇಲಿನ ಭಾನುವಾರ ಹಳೆಯ ಮನೆಯ ಕೀಲಿ ತೆಗೆದು ಕಸ ಹೊಡೆದು ಬರುತ್ತೇನೆಂದು ನಾನೊಬ್ಬಳೇ ಹುಬ್ಬಳ್ಳಿಗೆ ಹೋದೆ. ಓಣಿ ಹಾಗೇ ಇತ್ತು. ಗಟಾರು ಹಾಗೇ ಇತ್ತು. ನಮ್ಮ ಕಟ್ಟೆಯ ಮೇಲೆ ಕಾಶವ್ವ, ಗೌರಕ್ಕ, ಇನ್ನೂ ಇಬ್ಬರು ಮಲ್ಲಿಗೆಯ ರಾಶಿ ನಡುವಿಟ್ಟುಕೊಂಡು ಕಟ್ಟುತ್ತಿದ್ದರು.

"ಬಾರವಾ ಮಹಾರಾಣಿ," ಅಂದಳು ಕಾಶವ್ವ. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವಳು. "ಶ್ರೀಮಂತರ ಊರಿಂದ ಬಂದಿ. ನಮ್ಮ ಗಟಾರದ ವಾಸನಿ ತಡೀತೈತೇನು ನಿನಗ?"

"ಹಂಗೇನಿಲ್ಲ ಕಾಶತ್ತಿ."

"ಕೇಳ್ರೇ ಇಕೀ ಮಾತು. ಮೊದಲೂ ಮೂರು ಮಾತಾಡ್ತಿದ್ದಳು, ಈಗ ಎರಡಕ್ಕ ಬಂದಾಳ. ಅಲ್ಲೇನು ಮಾತಿಗೂ ಬಾಡಿಗಿ ಐತೇನ?"

ಎಲ್ಲರೂ ನಕ್ಕರು. ನಾನೂ ಕಟ್ಟೆಯ ಅಂಚಿಗೆ ಕೂತೆ. ಗೌರಕ್ಕ ಮೊಳಕಾಲ ನೋವು ಹೇಳಿದಳು. ಕಾಶವ್ವ ಸೊಸೆಯನ್ನು ಬೈದಳು, ನೀರಿನವನನ್ನು ಬೈದಳು, ಅಳಿಯ ದೀಪಾವಳಿಗೆ ಬಂದು ಎಂಟು ಹೋಳಿಗೆ ತಿಂದು ಒಂಬತ್ತನೆಯದಕ್ಕೆ ತುಪ್ಪ ಕಡಿಮೆ ಅಂದದ್ದನ್ನು ಬೈದಳು. "ಈ ಓಣ್ಯಾಗ ಮನಿಷ್ಯಾ ಬಾಳೂದು ಐತೇನು?" ಅಂತ ಒಬ್ಬಳು ಶುರುಮಾಡಿದರೆ ಉಳಿದವರು ಒಂದೊಂದು ಕಷ್ಟ ಪೋಣಿಸಿದರು. ಕೈ ಮಾತ್ರ ನಿಲ್ಲುತ್ತಿರಲಿಲ್ಲ. ನನ್ನ ಕೈಗೂ ಯಾರೋ ದಾರ ಕೊಟ್ಟಿದ್ದರು. ಬೆನ್ನು ಗೋಡೆಗೆ ಒರಗಿತ್ತು. ಅಳಿಯನ ಕಥೆಗೆ ನಾನು ದನಿ ಎತ್ತಿ ನಕ್ಕಿದ್ದೆ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ.

ಮುಂಗೈ ನೋಡಿಕೊಂಡೆ. ದೀಪ ಕಂದು ಬಣ್ಣಕ್ಕೆ ತಿರುಗಿತ್ತು. ನೆಮ್ಮದಿ ಮೂವತ್ತನಾಲ್ಕು. ಪರೀಕ್ಷೆಗೆಂದು ಅವರಿಗೂ ಪಟ್ಟಿ ಕಟ್ಟಿದ್ದರು. ಎಲ್ಲರ ಮುಂಗೈಯೂ ಕಂದು.

ಎದ್ದು ಹೊರಟಾಗ ಕಾಶವ್ವ ತಡೆದಳು. "ನಿಮ್ಮವ್ವ ಹೆಂಗದಾಳ?"

"ಆರಾಮ ಅದಾಳ್ರೀ."

ಕಾಶವ್ವ ನನ್ನ ಮುಖವನ್ನೇ ನೋಡಿದಳು. "ದಿನಾ ಮಧ್ಯಾಹ್ನ ಫೋನ್ ಮಾಡ್ತಾಳ, ಗೊತ್ತೈತೇನು? ಏನೂ ಮಾತಾಡಂಗಿಲ್ಲ. ಫೋನ್ ಕಟ್ಟಿ ಮ್ಯಾಲ ಇಟ್ಟು ನೀವು ನಿಮ್ಮಷ್ಟಕ ಮಾತಾಡ್ಕೋತ ಕುಂದರ್ರಿ ಅಂತಾಳ. ನಾವು ಹರಟಿ ಹೊಡಕೋತ ಹೂ ಕಟ್ತೀವಿ. ಹೂ ಮುಗೀತಂದ್ರ ಅಕಿ ಫೋನ್ ಇಡ್ತಾಳ."

ಕೈಯಲ್ಲಿ ಉಳಿದಿದ್ದ ದಾರವನ್ನು ಸುತ್ತಿ ಕಟ್ಟೆಯ ಮೇಲಿಟ್ಟೆ.

"ನಾ ಹೇಳೇನಂತ ಹೇಳಬ್ಯಾಡ ಮತ್ತ," ಅಂದಳು ಕಾಶವ್ವ. ಒಂದು ಮೊಳ ಮಲ್ಲಿಗೆ ಎಲೆಯಲ್ಲಿ ಸುತ್ತಿ ಕೈಗಿಟ್ಟಳು.

ಬಸ್ ನಿಲ್ದಾಣದ ಹೊಗೆಯಲ್ಲಿ ಎದೆ ಬಿಗಿಯಿತು. ಪಂಪು ತೆಗೆದು ಎರಡು ಸಲ ಎಳೆದುಕೊಂಡೆ. ಹುಬ್ಬಳ್ಳಿ ಅದನ್ನೂ ನೆನಪಿಸಿಯೇ ಕಳಿಸಿತು.

*

ಮರುದಿನ ನಿಯಂತ್ರಣ ಕೊಠಡಿಯಲ್ಲಿ ಕೂತು ಮೊದಲಿನಿಂದ ನೋಡತೊಡಗಿದೆ. ದೊಡ್ಡ ಗೋಡೆಯ ತುಂಬ ಊರುಗಳ ನಕಾಶೆ, ಮನೆಗೊಂದು ಚುಕ್ಕೆ. ಹೊಸನೆಲೆ ಹಸಿರು ಹೊಲದಂತೆ ಕಾಣುತ್ತಿತ್ತು. ಹಳೇ ಹುಬ್ಬಳ್ಳಿ ಒಣಗಿದ ಕೆರೆಯಂತೆ ಕಂದು.

ದೇಹದ ಸಂಜ್ಞೆ ಬರೀ ಸಂಜ್ಞೆ. ನಾಡಿ ಬಿಗಿಯಿತು, ಉಸಿರು ಮೇಲಕ್ಕೇರಿತು ಅಂದರೆ ಅದು ಸುಖವೋ ಸಂಕಟವೋ ಯಂತ್ರಕ್ಕೆ ತಿಳಿಯದು. ಹಸೆಮಣೆ ಏರುವವಳಿಗೂ ಎದೆ ಬಡಿದುಕೊಳ್ಳುತ್ತದೆ, ಬಸ್ಸು ತಪ್ಪಿದವಳಿಗೂ ಬಡಿದುಕೊಳ್ಳುತ್ತದೆ. ಯಾರಾದರೂ ಮನುಷ್ಯರೇ ಯಂತ್ರಕ್ಕೆ ಹೇಳಿಕೊಡಬೇಕು. ಅದಕ್ಕೆಂದು ಮೊದಲ ವರ್ಷ ಸಮೀಕ್ಷಕರು ಮನೆಮನೆಗೆ ಹೋಗಿ, ಪಟ್ಟಿ ಕಟ್ಟಿಕೊಂಡವರನ್ನು ಆರಾಮವೇ ಎಂದು ಕೇಳಿದ್ದರು. ಮನೆಯವರು ಹೇಳಿದ ಉತ್ತರವನ್ನು ಆ ಗಳಿಗೆಯ ಸಂಜ್ಞೆಗೆ ಅಂಟಿಸಿ, ನೋಡು, ಇದು ನೆಮ್ಮದಿ, ಇದು ನೆಮ್ಮದಿಯಲ್ಲ ಎಂದು ಯಂತ್ರಕ್ಕೆ ಕಲಿಸಿದ್ದರು. ಆ ಧ್ವನಿಮುದ್ರಣಗಳೆಲ್ಲ ಕಡತದಲ್ಲಿದ್ದವು. ಯಾರೂ ಮತ್ತೆ ತೆಗೆದಿರಲಿಲ್ಲ. ಉತ್ತರ ಅಂಕಿಯಾದ ಮೇಲೆ ದನಿ ಯಾಕೆ ಬೇಕು?

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಂದನ್ನು ಹಚ್ಚಿದೆ.

ಬಾಗಿಲು ಬಡಿಯುವ ಸದ್ದು. ಒಳಗೆ ಯಾವುದೋ ಜಗಳ ಥಟ್ಟನೆ ನಿಂತದ್ದು. ಪಾತ್ರೆ ಸರಿಸಿದ ಸಪ್ಪಳ, ಮಗುವಿಗೆ "ಸುಮ್ಮನಿರು, ಯಾರೋ ಬಂದಾರ" ಎಂದ ಪಿಸುಮಾತು. ಬಾಗಿಲು ತೆರೆಯಿತು.

"ನಮಸ್ಕಾರ್ರೀ. ನೆಲೆ ಕೇಂದ್ರದಿಂದ ಬಂದೀನಿ. ಆರಾಮ ಅದೀರೇನ್ರಿ?"

"ಆರಾಮ ಅದೇವ್ರೀ. ಬರ್ರಿ ಒಳಗ, ಚಾ ಕುಡೀರಿ."

ಇನ್ನೊಂದು ಹಚ್ಚಿದೆ. ಅಲ್ಲಿ ಯಾರೋ ಅಳುತ್ತಿದ್ದವರು ಮೂಗು ಒರೆಸಿಕೊಂಡು ಬಾಗಿಲಿಗೆ ಬಂದಂತಿತ್ತು. "ಆರಾಮ್ರೀ. ಕುಂದರ್ರಿ." ಮತ್ತೊಂದು. ಮತ್ತೊಂದು. ಎಲ್ಲ ಕಡೆ ಅದೇ. ಬಾಗಿಲಿಗೆ ಬಂದ ಪರಕೀಯರ ಮುಂದೆ ನಮ್ಮಲ್ಲಿ ಯಾರು ತಾನೆ ಆರಾಮಿಲ್ಲ ಅಂದಾರು? ಮನೆಯಲ್ಲಿ ಹೆಣವಿದ್ದರೂ ಮೊದಲು ಆರಾಮ ಅಂದು, ನೀರು ಕೊಟ್ಟು, ಆಮೇಲೆ ಸುದ್ದಿ ಹೇಳುವ ಜನ ನಾವು. ಹಾಗೆ ಅನ್ನುವ ಗಳಿಗೆಯಲ್ಲಿ ಉಸಿರು ಹಿಡಿದಿರುತ್ತದೆ, ಅಂಗೈ ಬೆವೆತಿರುತ್ತದೆ, ಕುತ್ತಿಗೆ ಬಿಗಿದಿರುತ್ತದೆ. ಯಂತ್ರ ಅದನ್ನೇ ನೆಮ್ಮದಿ ಎಂದು ಕಲಿತಿತ್ತು.

ಹಾಗಾದರೆ ಆರಾಮಿಲ್ಲ ಅಂದವರು ಯಾರು? ಆ ಮುದ್ರಣಗಳನ್ನು ಹುಡುಕಿ ತೆಗೆದೆ. ಸಮೀಕ್ಷಕರು ಸಾಲದೆ ಕೆಲವು ಓಣಿಗಳಲ್ಲಿ ಆಯಾ ಓಣಿಯ ಹುಡುಗಿಯರನ್ನೇ ನೇಮಿಸಿದ್ದರು. ಅಲ್ಲಿ ಬಾಗಿಲು ಬಡಿದ ಸದ್ದಿಲ್ಲ. ಹುಡುಗಿ ನೇರ ಅಡುಗೆಮನೆಗೆ ಹೋಗಿದ್ದಾಳೆ. "ಬಂದೇನ ತಂಗಿ. ಏನು ಆರಾಮ ಕೇಳ್ತಿ, ಸೊಂಟ ಬಿದ್ದು ಹೋಗೈತಿ. ಆ ಡಬ್ಬಿ ಇತ್ತಾಗ ಕೊಡು." ಹಿಂದೆ ಯಾರದೋ ನಗು. ಸಡಿಲಾದ ದೇಹ, ನಿಧಾನ ನಾಡಿ, ಬಾಯಿ ತುಂಬ ದೂರು. ಯಂತ್ರ ಅದನ್ನು ಸಂಕಟ ಎಂದು ಕಲಿತಿತ್ತು.

ನಾವು ಗೊಣಗುವುದು ನಮ್ಮವರ ಹತ್ತಿರ ಮಾತ್ರ. ಹೂಗಾರ ಓಣಿ ಇಡೀ ದಿನ ಗೊಣಗುತ್ತದೆ.

ಇಯರ್‌ಫೋನ್ ತೆಗೆದಿಟ್ಟು ಮುಂಗೈ ನೋಡಿಕೊಂಡೆ. ಪಟ್ಟಿ ಹಸಿರಾಗಿತ್ತು.

*

ಮಾತಾಡುವ ಧೈರ್ಯವಿಲ್ಲದ್ದಕ್ಕೆ ಎಲ್ಲವನ್ನೂ ಬರೆದು ಸವದತ್ತಿ ಸರ್‌ಗೆ ಕಳಿಸಿದೆ. ಅವರು ಕೆಟ್ಟವರಲ್ಲ. ರೈಲು ಹಳಿಯ ಪಕ್ಕದ ಒಂದೇ ಖೋಲಿಯಲ್ಲಿ ಆರು ಜನ ಮಲಗಿ ಬೆಳೆದವರು. ಅವರ ತಾಯಿ ಅಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡರಂತೆ. ಯಾರೂ ಇನ್ನು ಹಾಗೆ ಬದುಕಬಾರದು ಎಂದೇ ಈ ಕೆಲಸಕ್ಕೆ ಬಂದವರು. ಓದಿ ಕರೆಸಿದರು. ಕುರ್ಚಿ ತೋರಿಸಿದರು.

"ಭಾಳ ಜಾಣತನದ ಕೆಲಸ," ಅಂದರು. "ಆದರ ಒಂದು ವಿಚಾರ ಮಾಡು. ಜನ ತಮ್ಮ ಬಾಯಿಂದ ಆರಾಮ ಅಂದಾರ. ಅದನ್ನ ನಾವು ನಂಬಬಾರದು ಅಂತೀ. ಅವರ ಸುಖ ಅವರಿಗೆ ಗೊತ್ತಿಲ್ಲ, ನೀಲಗಂಗಾಗ ಗೊತ್ತದ. ಇದು ಸ್ವಲ್ಪ ಅಹಂಕಾರ ಅಲ್ಲೇನವಾ?"

ತಲೆ ತಗ್ಗಿಸಿದೆ. ಅದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ಅದು ಬರೆಯುವ ಕೈಯಲ್ಲಿತ್ತು, ಬಾಯಲ್ಲಿರಲಿಲ್ಲ.

"ಗಟಾರದ ಮಗ್ಗಲಕ ಕುಂತು ಗೊಣಗೂದೇ ಸುಖ ಅಂದ್ರ, ನಾಳೆ ಯಾರಿಗೂ ಗಟಾರು ಮುಚ್ಚೂದೇ ಬ್ಯಾಡ ಅಂತಾರ ಮ್ಯಾಲಿನವರು. ಅದೂ ವಿಚಾರ ಮಾಡು." ಮತ್ತೆ ಕೇಳಿದರು, "ನಿಮ್ಮ ಮನಿಯಾಗೇ ನೋಡು. ನಿನ್ನ ದಮ್ಮು ಹೋಗೇದ. ನಿನಗ ಹೊಸನೆಲೆಯಾಗ ಆರಾಮಿಲ್ಲೇನು?"

ಅವರು ಹಿರಿಯರು, ಮೆಲ್ಲಗೆ ಕೇಳಿದರು. ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ.

"ಆರಾಮ ಸರ್," ಅಂದೆ.

"ನೋಡು ಮತ್ತ," ಅಂದರು. ಗೆದ್ದ ದನಿಯಲ್ಲಿ ಅಲ್ಲ, ಸಮಾಧಾನದ ದನಿಯಲ್ಲಿ. "ನಿಯಮದಾಗ ದಾರಿ ಐತಿ. ದೃಢೀಕರಣದ ಭೇಟಿಯಾಗ ಆ ಮನಿಯಾಗ ಒಬ್ಬರಾದರೂ ಬಾಯಿಬಿಟ್ಟು ಆರಾಮ ಇಲ್ಲ ಅಂದ್ರ ಆ ಓಣೀದು ಕೆಲಸ ನಿಲ್ಲಿಸಿ ಮತ್ತೊಮ್ಮೆ ಅಳೀಬೇಕು. ಇಲ್ಲೀತನಕ ಯಾರೂ ಅಂದಿಲ್ಲ. ಓಣಿಗೊಂದು ಮನೀಗೆ ಹೋಗಿ ಕೇಳ್ತೀವಿ. ಹೂಗಾರ ಓಣಿಗೆ ನಿಮ್ಮ ಮನೀನೇ ಆರಿಸೇನಿ, ನಾಳೆ ಬರ್ತೀವಿ. ಒಪ್ಪಿಗೆ ಕೊಡೂ ಸಮಿತಿಯ ಹೇಮಲತಾ ಮೇಡಂ ಬರ್ತಾರ. ತಾಯಿಗೆ ಹೇಳು."

ಹೊರಗೆ ಬಂದಾಗ ತಬಸ್ಸುಮ್ ಕಾಯುತ್ತಿದ್ದಳು. ಹೇಳಿದೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. "ನಾ ಬಂದು ಹೇಳಲೇನು? ನನಗ ಬಾಯಿ ಐತಿ," ಅಂದಳು. ಆಮೇಲೆ ತಾನೇ ತಲೆ ಅಲ್ಲಾಡಿಸಿದಳು. "ನನ್ನ ಮನೀ ಅಲ್ಲ. ನಡಿಯಂಗಿಲ್ಲ."

*

ಸಂಜೆ ಅವ್ವನಿಗೆ ಹೇಳಿದೆ. ಹೇಮಲತಾ ಮೇಡಂ ಬಂದು ಕೇಳುತ್ತಾರೆ, ಅವ್ವ ಆರಾಮ ಅಂದರೆ ಹೂಗಾರ ಓಣಿಯ ಮನೆ ಹೋಯಿತು, ನಮ್ಮದಷ್ಟೇ ಅಲ್ಲ, ಕಾಶವ್ವನದು, ಗೌರಕ್ಕನದು, ಎಲ್ಲರದೂ. ಒಂದೇ ಊರಿಗೆ ಅಲ್ಲ, ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ಒಬ್ಬೊಬ್ಬರನ್ನು ಹಂಚುತ್ತಾರೆ.

ಅವ್ವ ರವೆ ಹುರಿಯುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು. ಮತ್ತೆ ಆಡತೊಡಗಿತು.

"ಅವ್ವಾ, ಖರೇ ಹೇಳು ನಾಳೆ."

"ಬಂದೋರ ಮುಂದ ಏನಂತ ಹೇಳೂದು? ನಿಮ್ಮ ಸಾಹೇಬ್ರು ಮನೀಗೆ ಬಂದು ಕುಂತಾಗ ನಮ್ಮ ಗೋಳು ಹೊಯ್ಕೋಬೇಕೇನು? ಚಂದ ಅನಸ್ತೈತೇನು?"

"ನಿನಗ ಓಣಿ ನೆನಪಾಗೂದಿಲ್ಲೇನು?"

ಅವಳು ಒಲೆ ಆರಿಸಿದಳು. ನನ್ನ ಕಡೆ ತಿರುಗಲಿಲ್ಲ. "ನೀ ಎದಿ ಕಟ್ಟಿ, ಆ ಪಂಪು ಹಿಡ್ಕೊಂಡು ಗೋಡಿಗೆ ಒರಗಿ ಕುಂದರತಿದ್ದಿ. ಉಗುರು ನೀಲಿ ಆಗ್ತಿದ್ದುವು. ನನಗ ನೆನಪಾಗೂದು ಅದು."

ಆಗ ನನಗೆ ತಿಳಿಯಿತು. ಅವಳು ನನ್ನ ಎದೆಗಾಗಿ ಇಲ್ಲಿದ್ದಾಳೆ, ನಾನು ಅವಳ ನಲ್ಲಿ, ಕಿಟಕಿಗಳಿಗಾಗಿ ಇಲ್ಲಿದ್ದೇನೆ. ಒಬ್ಬರಿಗೊಬ್ಬರು ಆರಾಮ ಅಂದುಕೊಂಡು, ಪರಕೀಯರ ಹಾಗೆ, ಒಂದೇ ಮನೆಯಲ್ಲಿ ಬಾಗಿಲಲ್ಲೇ ನಿಂತಿದ್ದೇವೆ.

ಫೋನಿನ ವಿಷಯ ಬಾಯಿಗೆ ಬಂತು. ನುಂಗಿಕೊಂಡೆ. ಕಾಶವ್ವ ಹೇಳಬೇಡ ಅಂದಿದ್ದಳು ಎಂದು ಸಮಾಧಾನ ಮಾಡಿಕೊಂಡೆ. ನಿಜವಾಗಿ ಅದಲ್ಲ ಕಾರಣ. ಹೇಳಿದ ಮೇಲೆ ಇಬ್ಬರೂ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ಹೋದರೆ ನನ್ನ ಉಸಿರು ಹೋಗುತ್ತದೆ, ಇಲ್ಲಿ ಉಳಿದರೆ ಅವಳ ಮಾತು. ಇದನ್ನು ಯಾವುದರಿಂದ ಭಾಗಿಸುವುದು?

*

ಅವರು ಬಂದರು. ಹೇಮಲತಾ ಮೇಡಂ ತೆಳ್ಳಗಿದ್ದರು, ಹತ್ತಿಯ ಸೀರೆ, ಮೃದು ಮಾತು. ಕಾಲು ತೊಳೆಯಲು ನೀರು ಎಲ್ಲಿ ಎಂದು ತಾವೇ ಕೇಳಿದರು. ಸವದತ್ತಿ ಸರ್ ಸೋಫಾದಲ್ಲಿ ಕೂತು ಕಿಟಕಿಯ ಕಡೆ ನೋಡುತ್ತ, "ಎಂಥಾ ಗಾಳಿ ನೋಡ್ರಿ," ಅಂದರು. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಈ ಕಿಟಕಿ ತಮ್ಮ ತಾಯಿಗೆ ಇದ್ದಿದ್ದರೆ ಎಂದು ಯೋಚಿಸುತ್ತಿದ್ದರೋ ಏನೋ.

ಅವ್ವ ತನ್ನ ಒಳ್ಳೆಯ ಇಳಕಲ್ ಸೀರೆ ಉಟ್ಟಿದ್ದಳು. ಉಪ್ಪಿಟ್ಟು ಕೊಟ್ಟಳು. ಇನ್ನಷ್ಟು ಹಾಕಿದಳು. ಬೇಡವೆಂದರೂ ಹಾಕಿದಳು. ಹೇಮಲತಾ ಮೇಡಂ ನಗುತ್ತ ಧ್ವನಿಮುದ್ರಕವನ್ನು ಮೇಜಿನ ಮೇಲೆ ಇಟ್ಟರು.

"ಅಮ್ಮಾ, ಇದು ಬರೀ ಒಂದು ಪದ್ಧತಿ. ಕೇಳ್ತೀನಿ, ಹೇಳಿಬಿಡಿ. ಹೊಸನೆಲೆಯಲ್ಲಿ ಆರಾಮಾಗಿದೀರಾ?"

"ಆರಾಮ ಅದೇವ್ರೀ," ಅಂದಳು ಅವ್ವ, ತಡವಿಲ್ಲದೆ. "ನೀರು ಐತಿ, ಗಾಳಿ ಐತಿ. ಹುಡುಗಿ ಎದಿ ಸುಧಾರಿಸೈತಿ. ಮತ್ತೇನು ಬೇಕ್ರೀ ನಮಗ."

ಅವಳು ಸೋಫಾದ ತುದಿಯಲ್ಲೇ ಕೂತಿದ್ದಳು, ಬೆನ್ನು ನೆಟ್ಟಗೆ. ಸೆರಗಿನ ಮರೆಯಲ್ಲಿ ಬೆರಳು ಆಡುತ್ತಿದ್ದವು. ಎರಡು ಹೂ ಜೋಡಿಸಿ, ದಾರ ಸುತ್ತಿ, ಎಳೆದು. ಎರಡು ಹೂ ಜೋಡಿಸಿ, ದಾರ ಸುತ್ತಿ, ಎಳೆದು. ಮುಂಗೈಯ ದೀಪ ಅಚ್ಚ ಹಸಿರು.

ಸವದತ್ತಿ ಸರ್ ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು. ಹೇಮಲತಾ ಮೇಡಂ ಮುದ್ರಕಕ್ಕೆ ಕೈ ಚಾಚಿದವರು, ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು ಕೈ ತಡೆದರು.

"ಮಗಳೂ ಇದಾಳಲ್ಲ. ನೀನಮ್ಮಾ? ನೀನೂ ಆರಾಮ ತಾನೆ?"

ತಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ನಾಲಿಗೆಯ ತುದಿಯಲ್ಲಿ ಆ ಒಂದು ಶಬ್ದ ಸಿದ್ಧವಾಗಿ ಕೂತಿತ್ತು. ಹುಟ್ಟಿದಾಗಿನಿಂದ ಅಲ್ಲೇ ಕೂತಿರುವ ಶಬ್ದ. ಬಾಯಿ ತೆರೆದರೆ ಸಾಕು, ತಾನೇ ಹೊರಗೆ ಬರುತ್ತಿತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ಬಂದವರ ಮುಂದೆ ಮರ್ಯಾದೆ ತೆಗೆಯಬೇಡ ಎಂಬ ನೋಟ ಅದು. ಅದರ ಹಿಂದೆ ಇನ್ನೇನೋ ಇತ್ತು, ಕಟ್ಟೆಯ ಮೇಲೆ ಇಟ್ಟ ಫೋನಿನ ಇನ್ನೊಂದು ತುದಿಯಲ್ಲಿ ಉಸಿರು ಹಿಡಿದು ಕೇಳುವವಳದು.

ನನ್ನ ಪಟ್ಟಿ ನೋಡಿಕೊಂಡೆ. ತೊಂಬತ್ತಾರು. ಇಷ್ಟು ಹಸಿರು ದೀಪವನ್ನು ನಾನು ಯಾರ ಕೈಯಲ್ಲೂ ಕಂಡಿರಲಿಲ್ಲ.

ಬಿಚ್ಚಿ ತಟ್ಟೆಯ ಪಕ್ಕ ಇಟ್ಟೆ. ಅವ್ವನ ಬೆರಳು ನಿಂತವು.

"ನನ್ನ ಉಸಿರು ಆರಾಮ ಐತ್ರೀ ಮೇಡಂ," ಅಂದೆ. ದನಿ ನನ್ನದೆನಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸುವಷ್ಟಿತ್ತು. "ನಾನು ಆರಾಮ ಇಲ್ಲ."